ಮುದ್ದಹನುಮಪ್ಪನ ಊಟಕ್ಕೆ ಏನಿತ್ತು?

ಮಕ್ಕಳಿಗೆ ಯುದ್ಧದ ಕಥೆ ಹೇಳುವುದು ಸುಲಭ ಎಂದುಕೊಂಡವರು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದವರಲ್ಲ. ಮೊನ್ನೆ ನಾನು ಹೈದರಾಲಿಯ ಸೈನ್ಯವನ್ನು ಚಿತ್ರದುರ್ಗದ ಸುತ್ತ ಬೀಡು ಬಿಡಿಸಿ, ಏಳು ಸುತ್ತಿನ ಕೋಟೆಯ ಮುಂದೆ ಸಾಕಷ್ಟು ಪರದಾಡಿಸಿ, ಕೊನೆಗೆ ಬಂಡೆಗಳ ನಡುವಿನ ಕಿಂಡಿ ಅವರ ಕಣ್ಣಿಗೆ ಬೀಳುವ ಹಾಗೆ ಮಾಡಿದ್ದೆ. ಇತ್ತ ಕಾವಲಿನ ಕಹಳೆ ಮುದ್ದಹನುಮಪ್ಪನನ್ನು ಊಟಕ್ಕೆ ಮನೆಗೆ ಕಳಿಸಿ, ಅವನ ಹೆಂಡತಿ ಓಬವ್ವನ ಸೊಂಟಕ್ಕೆ ಕೊಡ ಏರಿಸಿ, ನೀರಿಗೆ ಹೊರಡಿಸಿದ್ದೆ. ಇನ್ನೇನು ಶತ್ರುವಿನ ತಲೆ ಕಿಂಡಿಯಿಂದ ಹೊರಗೆ ಬರಬೇಕು, ಅಷ್ಟರಲ್ಲಿ ಮೊಮ್ಮಗಳು ಕೈ ಅಡ್ಡ ಹಿಡಿದಳು.

"ತಾತ, ಊಟಕ್ಕೆ ಏನಿತ್ತು?"

ಯಾವ ಚರಿತ್ರೆಕಾರರೂ ಇದನ್ನು ಬರೆದಿಟ್ಟಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಬೇರೇನಿರುತ್ತದೆ? ಮುದ್ದೆ, ಸೊಪ್ಪಿನ ಸಾರು ಎಂದೆ.

"ಮನೇಲಿ ನೀರು ಇರ್ಲಿಲ್ವಾ?"

"ಇರ್ಲಿಲ್ಲ. ಅದಕ್ಕೇ ಓಬವ್ವ ತರೋಕೆ ಹೋದಳು."

"ಅವನೇ ಬರ್ತಾ ತರಬಹುದಿತ್ತಲ್ಲ?"

"ಕಾವಲು ಕಾದು ದಣಿದು ಬಂದಿದ್ದನಮ್ಮ."

"ಓಬವ್ವಂಗೆ ದಣಿವಾಗಿರ್ಲಿಲ್ವಾ?"

ಅಡುಗೆಮನೆಯಿಂದ ನನ್ನ ಹೆಂಡತಿ ನಕ್ಕ ಸದ್ದು ಕೇಳಿಸಿತು. ಇನ್ನೂರೈವತ್ತು ವರ್ಷದ ಹಿಂದಿನ ಆ ಕಾಳಗದಲ್ಲಿ ಮೊದಲು ಗಾಯಗೊಂಡವನು ನಾನೇ ಇರಬೇಕು.

ಯೋಚಿಸಿದರೆ ಹುಡುಗಿ ಕೇಳಿದ್ದು ಅಧಿಕಪ್ರಸಂಗವೇನಲ್ಲ. ಇಡೀ ಕಥೆ ನಿಂತಿರುವುದೇ ಆ ಊಟದ ಮೇಲೆ. ಮುದ್ದಹನುಮಪ್ಪನಿಗೆ ಹಸಿವಾಗದಿದ್ದರೆ ಅವನೇ ಕಾವಲಿನಲ್ಲಿದ್ದು ಅವನೇ ಕಹಳೆ ಊದುತ್ತಿದ್ದ. ಕೊಡದಲ್ಲಿ ನೀರಿದ್ದರೆ ಓಬವ್ವ ಮನೆ ಬಿಟ್ಟು ಕದಲುತ್ತಿರಲಿಲ್ಲ. ನೀರಿಗೆ ಹೋದವಳು ಕಿಂಡಿಯಲ್ಲಿ ಸದ್ದು ಕೇಳಿ ಮನೆಗೆ ಮರಳಿದಳು. ಉಣ್ಣುತ್ತಿದ್ದ ಗಂಡನನ್ನು ಎಬ್ಬಿಸಲಿಲ್ಲ, ಮೂಲೆಯಲ್ಲಿದ್ದ ಒನಕೆ ತೆಗೆದುಕೊಂಡು ಹೋಗಿ, ಕಿಂಡಿಯಿಂದ ತಲೆ ಹೊರಗೆ ಹಾಕಿದವರನ್ನು ಒಬ್ಬೊಬ್ಬರಾಗಿ ಬಡಿದು ಕೆಡವಿದಳು. ಜನ ಶತಮಾನಗಳಿಂದ ಹೀಗೇ ಹೇಳುತ್ತಾ ಬಂದಿದ್ದಾರೆ. ಪಾಠದ ಪುಸ್ತಕ ಮಾತ್ರ ಊಟವನ್ನು ಅರ್ಧ ವಾಕ್ಯದಲ್ಲಿ ಮುಗಿಸಿ ಒನಕೆಗೆ ಹಾರುತ್ತದೆ.

ನಾವು ಓಬವ್ವನನ್ನು ಕಂಡದ್ದು ಪಾಠದಲ್ಲಲ್ಲ, ಟೆಂಟಿನಲ್ಲಿ. 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಸಿನಿಮಾ ಬಂತು. ಅದರಲ್ಲಿ ಜಯಂತಿ ಓಬವ್ವನಾಗಿ ಕಚ್ಚೆ ಬಿಗಿದು ಒನಕೆ ಎತ್ತಿದ್ದೇ ತಡ, ನಮ್ಮ ಕಡೆಯ ಯಾವ ಶಾಲೆಯ ವಾರ್ಷಿಕೋತ್ಸವವೂ ಓಬವ್ವನಿಲ್ಲದೆ ಮುಗಿಯಲಿಲ್ಲ. ಹಾಡಲು ಬಾರದ, ಮಾತು ನೆನಪಿರದ ಹುಡುಗರನ್ನೆಲ್ಲ ಮೇಷ್ಟ್ರು ಹೈದರನ ಸೈನ್ಯಕ್ಕೆ ಸೇರಿಸುತ್ತಿದ್ದರು. ನಾನು ಆ ಸೈನ್ಯದ ಕಾಯಂ ನೌಕರ. ಕಂಬಳಿ ಹೊದಿಸಿದ ಎರಡು ಮೇಜುಗಳ ನಡುವೆ ತೆವಳಿಕೊಂಡು ಬರಬೇಕು, ತಲೆ ಹೊರಗೆ ಹಾಕಬೇಕು, ಏಟು ತಿನ್ನಬೇಕು, ಸಾಯಬೇಕು. ಹೆಣವನ್ನು ಪರದೆಯ ಹಿಂದಕ್ಕೆ ಎಳೆದ ಮೇಲೆ ಎದ್ದು ಹಿಂದಿನಿಂದ ಓಡಿಬಂದು ಮತ್ತೆ ಮೇಜಿನ ಕೆಳಗೆ ತೂರಬೇಕು. ಹೈದರನಿಗೆ ಅಷ್ಟು ದೊಡ್ಡ ಸೈನ್ಯ ಇದ್ದರೂ ನಮ್ಮ ತರಗತಿಯಲ್ಲಿ ಹುಡುಗರು ಕಡಿಮೆ. ಒನಕೆ ಮಾತ್ರ ಅಸಲಿ, ಹೆಡ್‌ಮೇಷ್ಟ್ರ ಮನೆಯದು. ಓಬವ್ವನ ಪಾತ್ರದ ಹುಡುಗಿಗೆ ಅದನ್ನು ಎತ್ತುವುದು ಹೇಗೋ ಸಾಧ್ಯವಾಗುತ್ತಿತ್ತು, ನಮ್ಮ ತಲೆಯಿಂದ ಒಂದು ಗೇಣು ಮೇಲೆ ನಿಲ್ಲಿಸುವುದು ಪ್ರತಿ ಸಲ ಸಾಧ್ಯವಾಗುತ್ತಿರಲಿಲ್ಲ. ಹೈದರನ ಸೈನಿಕರ ಚೀರಾಟ ಬಹಳ ಸಹಜವಾಗಿತ್ತೆಂದು ಊರಿನ ಹಿರಿಯರು ಮೆಚ್ಚಿ ಮಾತಾಡಿದರು.

ಅಂದು ನಮಗೆ ಓಬವ್ವ ಹತ್ತಿರವಾಗಲು ಕಾರಣ ಆ ಒನಕೆಯೇ. ಖಡ್ಗ, ಗುರಾಣಿ ಯಾರ ಮನೆಯಲ್ಲಿತ್ತು? ಒನಕೆ ಎಲ್ಲರ ಮನೆಯಲ್ಲೂ ಇತ್ತು. ಅಮ್ಮ ಸಿಟ್ಟಾದರೆ ಆ ಮೂಲೆಯ ಕಡೆ ನಾವು ಒಮ್ಮೆ ನೋಡಿಕೊಳ್ಳುತ್ತಿದ್ದೆವು. ನನ್ನ ಮೊಮ್ಮಗಳಿಗೆ ಒನಕೆ ತೋರಿಸಲು ಒಂದು ಮದುವೆಗೇ ಕರೆದುಕೊಂಡು ಹೋಗಬೇಕಾಯಿತು. ಅಲ್ಲಿ ಒರಳಿಗೂ ಒನಕೆಗೂ ಅರಿಶಿನ ಕುಂಕುಮ ಹಚ್ಚಿ ಮುತ್ತೈದೆಯರು ಶಾಸ್ತ್ರಕ್ಕೆ ನಾಲ್ಕು ಕುಟ್ಟು ಕುಟ್ಟಿ, ಫೋಟೋ ತೆಗೆಸಿಕೊಂಡು, ಸೊಂಟ ಹಿಡಿದುಕೊಂಡು ಕೂತರು. ಹುಡುಗಿ ಎರಡೂ ಕೈ ಹಾಕಿ ಎತ್ತಲು ನೋಡಿದಳು, ಮೊಣಕಾಲಿನ ತನಕ ಬಂತು. ತುದಿಯ ಕಬ್ಬಿಣದ ಬಳೆಯನ್ನು ಮುಟ್ಟಿ ನೋಡಿದಳು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ದಿನವೂ ಬೆಳಗಿನ ಜಾವ ರಾಗಿ, ಭತ್ತ, ಜೋಳ ಕುಟ್ಟಿದ ತೋಳು ಎಂಥದಿರಬೇಕು ಎಂಬುದನ್ನು ನಾನು ಬಾಯಿ ಮಾತಿನಲ್ಲಿ ಹೇಳಿದ್ದರೆ ಅವಳಿಗೆ ಹತ್ತುತ್ತಿರಲಿಲ್ಲ. ದುರ್ಗದ ಸೈನಿಕರು ಗರಡಿಯಲ್ಲಿ ತಾಲೀಮು ಮಾಡುತ್ತಿದ್ದ ವರ್ಷಗಳಲ್ಲಿ ಓಬವ್ವನ ತಾಲೀಮು ಒರಳಿನ ಮುಂದೆ ನಡೆದಿತ್ತು, ಅದನ್ನು ಯಾರೂ ತಾಲೀಮು ಎನ್ನಲಿಲ್ಲ, ಅಷ್ಟೆ.

ಅವಳನ್ನು ದುರ್ಗಕ್ಕೂ ಕರೆದೊಯ್ದೆ. ಓಬವ್ವನ ಕಿಂಡಿಯ ಮುಂದೆ ನಿಂತರೆ ದೊಡ್ಡವರ ಶೌರ್ಯವೆಲ್ಲ ಹೊಟ್ಟೆಯ ಅಳತೆಗೆ ಬಂದು ನಿಲ್ಲುತ್ತದೆ. ಒಬ್ಬರು ಒಳಗೆ ತೂರಿದರೆ ಅರ್ಧದಲ್ಲಿ ನಿಂತು ಉಸಿರು ಎಳೆದುಕೊಂಡು 'ಹಿಂದೆ ಬರ್ಲಾ, ಮುಂದೆ ಹೋಗ್ಲಾ' ಎಂದು ಮನೆಯವರನ್ನು ಕೇಳುತ್ತಾರೆ. ಮಕ್ಕಳು ಮಾತ್ರ ಸರಾಗವಾಗಿ ನುಗ್ಗಿ ಆ ಕಡೆಯಿಂದ ಕೂಗುತ್ತಾರೆ. ನಮ್ಮ ಹುಡುಗಿಯೂ ನುಗ್ಗಿ ಬಂದಳು. ಬಂದವಳು ಬಂಡೆಗೆ ಒರಗಿ, "ತಾತ, ಒಳಗಿದ್ದಾಗ ಮುಂದೆ ಹೋದವನಿಗೆ ಏನಾಯ್ತು ಅಂತ ಹಿಂದಿನವನಿಗೆ ಗೊತ್ತೇ ಆಗಲ್ಲ" ಅಂದಳು. ಇಷ್ಟು ವರ್ಷ ಸತ್ತು ಸತ್ತು ಎದ್ದ ನನಗೆ ಇದು ಹೊಳೆದಿರಲಿಲ್ಲ. ಸ್ವಲ್ಪ ತಡೆದು ಮತ್ತೆ ಕೇಳಿದಳು, "ಆ ಸೈನಿಕರೆಲ್ಲ ಊಟ ಮಾಡಿ ಬಂದಿದ್ರಾ?"

ಪಕ್ಕದ ತಣ್ಣೀರುದೋಣಿಯನ್ನು ತೋರಿಸಿ ಮಾತು ಮರೆಸಿದೆ.

ದಾರಿಯಲ್ಲಿ ಬಂತು ಎಲ್ಲ ಮಕ್ಕಳೂ ಕೇಳುವ ಪ್ರಶ್ನೆ: "ಇದೆಲ್ಲ ನಿಜಾನಾ?" ಉತ್ತರ ಹುಷಾರಾಗಿ ಹೇಳಬೇಕು. ಕೋಟೆ ನಿಜ, ಕಿಂಡಿ ನಿಜ, ಹೈದರನ ಮುತ್ತಿಗೆಗಳು ನಿಜ. 1779ರಲ್ಲಿ ದುರ್ಗ ಬಿದ್ದು ದೊರೆ ಮದಕರಿನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದದ್ದೂ ನಿಜ. ಓಬವ್ವ ಉಳಿದಿರುವುದು ಜನರ ಬಾಯಲ್ಲಿ. ಅರಮನೆಯ ಲೆಕ್ಕದವರು ನೀರು ಹೊರುವ ಹೆಂಗಸಿನ ಹೆಸರನ್ನು ಎಲ್ಲಿ ಬರೆಯುತ್ತಿದ್ದರು? ಜನ ಮರೆಯಲಿಲ್ಲ. 2021ರಿಂದ ಸರ್ಕಾರವೂ ನವೆಂಬರ್ 11ರಂದು ಓಬವ್ವ ಜಯಂತಿ ಮಾಡುತ್ತಿದೆ. ಬರೆದಿಟ್ಟದ್ದೇ ಬೇಕು ಎಂದು ಹಟ ಹಿಡಿಯುವ ಮಕ್ಕಳಿಗೆ ನನ್ನ ಹತ್ತಿರ ಒಂದು ನಾಯಿ ಇದೆ.

ಅದರ ಹೆಸರು ಕಾಳಿ. ಮದ್ದೂರಿನ ಕಡೆ ಆತಕೂರಿನಲ್ಲಿ ಸಿಕ್ಕ ಕಲ್ಲಿನ ಮೇಲೆ ಅದರ ಕಥೆ ಇದೆ. ಹತ್ತನೆಯ ಶತಮಾನದ ನಡುವೆ ತಕ್ಕೋಲದಲ್ಲಿ ದೊಡ್ಡ ಯುದ್ಧವಾಯಿತು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಕಾದಿದ, ಚೋಳ ರಾಜಾದಿತ್ಯ ಸತ್ತ. ಗೆದ್ದ ಬೂತುಗನಿಗೆ ಬನವಾಸಿ ಪನ್ನಿರ್ಛಾಸಿರದಂಥ ನಾಡುಗಳೇ ಸಿಕ್ಕವು. ಅವನ ಕಡೆಯ ವೀರ ಮಣಲೇರನೂ ಚೆನ್ನಾಗಿ ಕಾದಿದ್ದ. ಒಡೆಯ ಮೆಚ್ಚಿ ಏನು ಬೇಕೋ ಬೇಡಿಕೋ ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಇಲ್ಲಿಗೆ ಬಂದರೆ ಸಾಕು, ಯಾವ ಮಗುವೂ ಅಲುಗಾಡುವುದಿಲ್ಲ. ಮಣಲೇರ ಅವರ ಕಡೆಯವನು ಎಂದು ಅವರಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಬಿಡದೆ ಹೋರಾಡಿ ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿ ಬಿಟ್ಟು, ಪೂಜೆಗೂ ಏರ್ಪಾಡು ಮಾಡಿದರು. ಕಲ್ಲನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದಿದ್ದಾರೆ. ನಾಯಿಯೂ ಹಂದಿಯೂ ಕಚ್ಚಾಡುತ್ತಿರುವ ಕೆತ್ತನೆ ಅದರಲ್ಲಿದೆ. ಚೋಳರು ಸೋತರು, ರಾಷ್ಟ್ರಕೂಟರು ಗೆದ್ದರು ಎಂಬ ದೊಡ್ಡ ಸುದ್ದಿ ಚರಿತ್ರೆಕಾರರಿಗೆ ಸಿಗುವ ಮುಖ್ಯ ಆಧಾರಗಳಲ್ಲಿ ಈ ನಾಯಿಕಲ್ಲೂ ಒಂದು. ಬೂತುಗನ ಗೆಲುವನ್ನು ಸಾವಿರ ವರ್ಷ ಕಾದವಳು ಕಾಳಿ.

ನಮ್ಮ ಕಾಲದಲ್ಲಿ ಇಂಥ ಕಥೆಗಳ ಹಸಿವು ತೀರಿಸಿದ್ದು ಭಾರತ-ಭಾರತಿ ಪುಸ್ತಕಗಳು. ರಾಷ್ಟ್ರೋತ್ಥಾನ ಪರಿಷತ್ತಿನವರು ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಮಕ್ಕಳಿಗಾಗಿ 510 ಪುಟ್ಟ ಪುಸ್ತಕಗಳನ್ನು ತಂದರು. ನಮ್ಮಲ್ಲಿ ಒಬ್ಬರ ಹತ್ತಿರ ಇದ್ದದ್ದು ಊರೆಲ್ಲ ಸುತ್ತುತ್ತಿತ್ತು, ಬಾಡಿಗೆ ಒಂದು ಸೀಬೆಹಣ್ಣು. ಕಿತ್ತೂರು ಚೆನ್ನಮ್ಮ, ರಾಯಣ್ಣ ಎಲ್ಲರನ್ನೂ ನಾನು ಸೀಬೆಹಣ್ಣಿನ ವಾಸನೆಯ ಜೊತೆಗೇ ಓದಿದವನು. ಆದರೂ ಆಗ ಓದಿದ ವೀರಕಥೆಗಳಲ್ಲಿ ನನಗೊಂದು ತಕರಾರು ಇತ್ತು. ಅವುಗಳ ವೀರರಿಗೆ ನೆಗಡಿ ಆಗುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ, ಯಾರೂ ನಗುತ್ತಿರಲಿಲ್ಲ.

ಉದಾಹರಣೆಗೆ ಕೊಡಗಿನ ಜನರಲ್ ಕಾರ್ಯಪ್ಪನವರ ಪ್ರಸಂಗ. 1965ರ ಯುದ್ಧದ ಕೊನೆಯ ಗಳಿಗೆಯಲ್ಲಿ ಅವರ ಮಗ ನಂದಾ ಹಾರಿಸುತ್ತಿದ್ದ ವಿಮಾನ ಉರುಳಿ, ಆತ ಪಾಕಿಸ್ತಾನದ ಸೆರೆಯಾಳಾದ. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ನಿಮ್ಮ ಮಗನನ್ನು ಬಿಟ್ಟು ಕಳಿಸುತ್ತೇವೆ ಎಂದು ಹೇಳಿಕಳಿಸಿದರು. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಿ ಎಂದರು ಕಾರ್ಯಪ್ಪ. ಪುಸ್ತಕಗಳು ಇಲ್ಲಿಗೆ ಪೂರ್ಣವಿರಾಮ ಹಾಕಿ ಕಣ್ಣೊರೆಸಿಕೊಳ್ಳುತ್ತವೆ. ಆದರೆ ಅಯೂಬ್ ಖಾನರ ಮಗ ಸೆರೆಯಾಳನ್ನು ನೋಡಲು ಹೋದಾಗ ಜೊತೆಗೆ ಸಿಗರೇಟು ಮತ್ತು ಪಿ.ಜಿ. ವುಡ್‌ಹೌಸನ ಒಂದು ನಗೆ ಕಾದಂಬರಿ ಒಯ್ದಿದ್ದ. ಸಿಗರೇಟನ್ನು ಮಕ್ಕಳಿಗೆ ಹೇಳಬೇಕಾಗಿಲ್ಲ, ಕಾದಂಬರಿಯನ್ನು ಯಾಕೆ ಮುಚ್ಚಿಡಬೇಕು? ಶತ್ರುವಿನ ಮನೆಯವರು ನಗುವ ಪುಸ್ತಕ ತಂದುಕೊಟ್ಟರಂತೆ ಎಂದರೆ ಮಕ್ಕಳಿಗೆ ಬಹಳ ಖುಷಿ. ನಂದಾ ಮರುವರ್ಷ ಉಳಿದವರ ಜೊತೆ ವಾಪಸಾಗಿ, ಮುಂದೆ ಏರ್ ಮಾರ್ಷಲ್ ಆದರು.

ಅದೇ ಯುದ್ಧದಲ್ಲಿ, ಅದೇ ಕೊಡಗಿನ ಇನ್ನೊಬ್ಬರು ವಾಪಸಾಗಲಿಲ್ಲ. ಸೆಪ್ಟೆಂಬರ್ 7ರ ಬೆಳಗಿನ ಜಾವ ಆದಂಪುರದಿಂದ ಮಿಸ್ಟೇರ್ ವಿಮಾನಗಳ ಒಂದು ತಂಡ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟಿತು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಆ ತಂಡದಲ್ಲಿ ಇರಲೇ ಇಲ್ಲ, ಯಾರದಾದರೂ ವಿಮಾನ ಕೈಕೊಟ್ಟರೆ ಹೋಗಲೆಂದು ಬದಲಿಗೆ ಇದ್ದವರು. ಒಂದು ಕೈಕೊಟ್ಟಿತು, ಇವರು ಹೋದರು. ಹಿಂತಿರುಗುವಾಗ ಬೆನ್ನಟ್ಟಿ ಬಂದದ್ದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್. ಗುಂಡು ತಿಂದ ಹಳೆಯ ಮಿಸ್ಟೇರನ್ನೇ ತಿರುಗಿಸಿಕೊಂಡು ದೇವಯ್ಯ ಎದುರು ನಿಂತು ಅದನ್ನು ಕೆಡವಿದರು. ಅದರ ಪೈಲಟ್ ಹೊರಗೆ ಹಾರಿ ಬದುಕಿಕೊಂಡ. ದೇವಯ್ಯ ಉಳಿಯಲಿಲ್ಲ. ಇದನ್ನು ಕಂಡವರು ಈ ಕಡೆ ಯಾರೂ ಇರಲಿಲ್ಲ. ನಮ್ಮ ಕಡತದಲ್ಲಿ ಅವರು ಬರೀ ಕಾಣೆಯಾದವರು. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನ ವಾಯುಪಡೆಯ ಯುದ್ಧದ ಬಗ್ಗೆ ಬರೆದ ಪುಸ್ತಕದಿಂದ ನಡೆದದ್ದು ಹೊರಬಂತು. ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ, ಅವರು ಹೋಗಿ 23 ವರ್ಷವಾದ ಮೇಲೆ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ.

ಈ ಕಥೆ ಹೇಳಿದ ದಿನ ಮೊಮ್ಮಗಳು ಲೆಕ್ಕ ಹಾಕಿದಳು. "23 ವರ್ಷ ಅವರ ಹೆಂಡತಿ ಬಾಗಿಲು ಚಿಲಕ ಹಾಕ್ಕೋತಿದ್ರಾ, ಇಲ್ವಾ?" ನನಗೆ ಅದನ್ನು ಹೇಳಿದವರಾರೂ ಇಲ್ಲ, ನಾನು ಎಲ್ಲಿಂದ ಹೇಳಲಿ?

ನಮ್ಮ ಬೀದಿಯಲ್ಲಿ ಒಬ್ಬರು ಹವಾಲ್ದಾರ್ ಇದ್ದರು, 1971ರ ಯುದ್ಧದಲ್ಲಿ ಗಡಿಯಲ್ಲಿದ್ದವರು. ಬೀದಿಯ ಹುಡುಗರೆಲ್ಲ ಅವರ ಜಗಲಿಯ ಮೇಲೆ ಕೂತು 'ಎಷ್ಟು ಜನರನ್ನ ಹೊಡೆದ್ರಿ ಮಾಮ' ಎಂದು ಪೀಡಿಸುತ್ತಿದ್ದೆವು. ಅವರು ಒಮ್ಮೆಯೂ ಲೆಕ್ಕ ಕೊಡಲಿಲ್ಲ. ಸಾಮಾನು ಹೊರುತ್ತಿದ್ದ ಒಂದು ಹೇಸರಗತ್ತೆಯ ಕಥೆ ಹೇಳುತ್ತಿದ್ದರು. ಶೆಲ್ ಬಿದ್ದಾಗ ಎಲ್ಲರೂ ನೆಲಕ್ಕೆ ಬಿದ್ದರೆ ಅದು ಮಾತ್ರ ನಿಂತೇ ಇರುತ್ತಿತ್ತಂತೆ. ಧೈರ್ಯಕ್ಕೋ ಹಟಕ್ಕೋ ಅವರಿಗೂ ತಿಳಿಯದು. "ನಿಮಗೆ ಭಯ ಆಗ್ತಿರ್ಲಿಲ್ವಾ?" ಎಂದು ಕೇಳಿದರೆ, "ಆಗ್ತಿತ್ತು ಕಣ್ರೋ. ಅಷ್ಟರಲ್ಲಿ ಚಾ ಬರ್ತಿತ್ತು, ಮಗ್ಗು ಹಿಡ್ಕೊಂಡ್ರೆ ಕೈ ನಡುಗೋದು ನಿಲ್ತಿತ್ತು" ಎನ್ನುತ್ತಿದ್ದರು. ನಮಗೆ ಭಾರಿ ನಿರಾಸೆ. ಇಂಥ ಪುಕ್ಕಲನಿಗೆ ಸರ್ಕಾರ ಪಿಂಚಣಿ ಕೊಡುತ್ತದಲ್ಲ ಎಂದು ಬೀದಿ ಕೊನೆಯಲ್ಲಿ ನಿಂತು ಮಾತಾಡಿಕೊಂಡಿದ್ದೆವು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಹೇಸರಗತ್ತೆಯ ಹೆಸರೇನು ಎಂದು ನಮ್ಮ ಗುಂಪಿನಲ್ಲಿ ಒಬ್ಬನೂ ಕೇಳಿರಲಿಲ್ಲ. ನನ್ನ ಮೊಮ್ಮಗಳು ಮೊದಲು ಕೇಳಿದ್ದೇ ಅದನ್ನು.

1971ರಲ್ಲಿ ಇಪ್ಪತ್ತರ ಆಸುಪಾಸಿನಲ್ಲಿದ್ದ ಸಿಪಾಯಿಗಳೆಲ್ಲ ಈಗ ಎಪ್ಪತ್ತು ದಾಟಿದ್ದಾರೆ. ನಿಮ್ಮ ಬೀದಿಯಲ್ಲಿ ಅಂಥವರೊಬ್ಬರಿದ್ದರೆ ಒಂದು ಭಾನುವಾರ ಮಕ್ಕಳ ಕೈಗೆ ಒಂದು ಡಬ್ಬಿ ಕೋಡುಬಳೆ ಕೊಟ್ಟು ಕಳಿಸಿ. ಏನು ಕೇಳಬೇಕು ಎಂದು ಹೇಳಿಕೊಡಬೇಡಿ. ನೀವೂ ಜೊತೆಗೆ ಹೋಗಬೇಡಿ.