ಬೋಲ್ಡರ್ ಬೆಟ್ಟಕ್ಕೆ ಹೊಸ ಬಂಡಿ

ನಾನು ಕೆನಡಕ್ಕೆ ಹೊರಡುವ ಮುನ್ನಾದಿನ ಮೈಸೂರಿನಿಂದ ಸೋದರತ್ತೆ ಫೋನು ಮಾಡಿದರು. ಚಟ್ನಿಪುಡಿಯ ವಿಚಾರವೂ ಹಪ್ಪಳದ ವಿಚಾರವೂ ಮುಗಿದ ಮೇಲೆ ದನಿಯನ್ನು ತಗ್ಗಿಸಿ, "ಅವನು ಅದೇನೋ ಹಿಮದ ಮೇಲೆ ಓಡುವ ಬೈಕು ಕೊಂಡಿದ್ದಾನಂತೆ. ನಾವು ಹೇಳಿದರೆ ಕೇಳುವುದಿಲ್ಲ. ನೀನು ಮೇಷ್ಟರು. ನಾಲ್ಕು ಮಾತು ಹೇಳಿ ಅದನ್ನು ಮಾರಿಸಿಬಿಟ್ಟು ಬಾ" ಎಂದರು. ಎದುರು ಬೆಂಚಿನಲ್ಲಿ ಕುಳಿತವರೇ ಮೇಷ್ಟರ ಮಾತನ್ನು ಕೇಳದ ಈ ಕಾಲದಲ್ಲಿ, ಕ್ಯಾಲ್ಗರಿಯಲ್ಲಿ ಹತ್ತು ವರ್ಷದಿಂದ ಎಂಜಿನಿಯರಾಗಿರುವ ಅತ್ತೆಯ ಮಗ ಕೇಳುತ್ತಾನೆಂಬ ಭರವಸೆ ನನಗಿರಲಿಲ್ಲ. ಆದರೂ "ಆಗಲಿ" ಎಂದೆ. ಅತ್ತೆಯವರಿಗೆ "ಆಗುವುದಿಲ್ಲ" ಎಂದು ಹೇಳಿದವರನ್ನು ನಮ್ಮ ವಂಶದಲ್ಲಿ ನಾನು ಕಂಡಿಲ್ಲ.

ಅದು ಕಳೆದ ಫೆಬ್ರವರಿಯ ಮಾತು. ಕ್ಯಾಲ್ಗರಿ ತಲುಪಿದ ನಾಲ್ಕನೆಯ ದಿನ ಇನ್ನೂ ಕತ್ತಲಿರುವಾಗಲೇ ನಾವು ಪಶ್ಚಿಮಕ್ಕೆ ಹೊರಟೆವು. ಕಾರಿನ ಹಿಂದೆ ಕಟ್ಟಿದ ಟ್ರೇಲರಿನ ಮೇಲೆ, ಕರಿಯ ಹೊದಿಕೆಯೊಳಗೆ, ಅತ್ತೆಯ ನಿದ್ದೆ ಕೆಡಿಸಿದ ಆ ವಸ್ತು ಮಲಗಿತ್ತು. ಬ್ಯಾನ್ಫ್, ಲೇಕ್ ಲೂಯಿಸ್, ಕಿಕಿಂಗ್ ಹಾರ್ಸ್ ಕಣಿವೆ, ಗೋಲ್ಡನ್ ಎಂಬ ಊರು, ಇವೆಲ್ಲವನ್ನೂ ದಾಟಿ ಸುಮಾರು ೪೦೦ ಕಿಲೋಮೀಟರು ಹೋದರೆ ರೆವೆಲ್‌ಸ್ಟೋಕ್. ಅದಕ್ಕೆ ಮೊದಲು ರಾಜರ್ಸ್ ಪಾಸ್ ಎಂಬ ಕಣಿವೆಹಾದಿಯನ್ನು ಹಾಯಬೇಕು. ಅಲ್ಲಿ ಎರಡು ಕಡೆಯ ಶಿಖರಗಳೂ ರಸ್ತೆಯ ಮೇಲೆ ಬಾಗಿ ನಮ್ಮನ್ನು ನೋಡುತ್ತಿರುವಂತೆ ಭಾಸವಾಗುತ್ತದೆ. ಚಳಿಗಾಲದಲ್ಲಿ ಈ ಹೆದ್ದಾರಿಯನ್ನು ಕಾಯುವುದಕ್ಕೆ ಕೆನಡದ ಸೈನ್ಯದ ಫಿರಂಗಿಗಳಿವೆ ಎಂದರೆ ವಾಚಕರು ಹುಬ್ಬೇರಿಸಬಹುದು. ಮೇಲೆ ಹಿಮ ಅಪಾಯದ ಮಟ್ಟಕ್ಕೆ ಸೇರಿದಾಗ ವಾಹನಗಳನ್ನು ತಡೆದು, ಗುಂಡು ಹಾರಿಸಿ, ಬೀಳಬೇಕಾದ ರಾಶಿಯನ್ನು ತಾವೇ ಹೇಳಿದ ಹೊತ್ತಿಗೆ ಬೀಳಿಸುತ್ತಾರೆ. ಹೀಗೆ ಮಾಡಬೇಕೆಂದು ಆ ಬೆಟ್ಟ ಕಲಿಸಿದ್ದು ಸುಲಭವಾಗಿಯಲ್ಲ. ೧೯೧೦ರ ಮಾರ್ಚ್ ೪ರ ರಾತ್ರಿ, ಒಂದು ಹಿಮಕುಸಿತದಿಂದ ಮುಚ್ಚಿಹೋದ ರೈಲುಹಳಿಯನ್ನು ತೆರವುಗೊಳಿಸುತ್ತಿದ್ದ ಕೆಲಸಗಾರರ ಮೇಲೆ ಎದುರು ಬೆಟ್ಟದಿಂದ ಇನ್ನೊಂದು ಕುಸಿತ ಬಂದು ೫೮ ಮಂದಿ ಸತ್ತರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಜಪಾನಿನಿಂದ ಕೂಲಿಗೆ ಬಂದವರು.

ರೆವೆಲ್‌ಸ್ಟೋಕ್ ಕೊಲಂಬಿಯಾ ನದಿಯ ದಂಡೆಯ ಸಣ್ಣ ಊರು. ಪೂರ್ವಕ್ಕೆ ಸೆಲ್ಕರ್ಕ್ ಶ್ರೇಣಿ, ಪಶ್ಚಿಮಕ್ಕೆ ಮೊನಾಶಿ ಶ್ರೇಣಿ. ಆಗುಂಬೆಯವರು ಮಳೆಯ ಲೆಕ್ಕ ಹೇಳುವಂತೆ ಇಲ್ಲಿಯವರು ಹಿಮದ ಲೆಕ್ಕ ಹೇಳುತ್ತಾರೆ. ಹತ್ತಿರದ ಕೋಪ್‌ಲೆಂಡ್ ಬೆಟ್ಟದಲ್ಲಿ ೧೯೭೧-೭೨ರ ಒಂದೇ ಚಳಿಗಾಲದಲ್ಲಿ ೨೪ ಮೀಟರಿಗೂ ಮಿಕ್ಕಿ ಹಿಮ ಬಿದ್ದಿತ್ತೆಂಬುದು ಈ ದೇಶದ ದಾಖಲೆ. ಮನೆಗಳ ಮಾಡಿನ ಮೇಲೆ ಒಂದಾಳು ಎತ್ತರದ ಹಿಮ ಕೂತಿದೆ, ಕೆಳಗೆ ಮನುಷ್ಯರು ಅದು ಇಲ್ಲವೇ ಇಲ್ಲವೆಂಬಂತೆ ಕಾಫಿ ಕುಡಿಯುತ್ತಿದ್ದಾರೆ.

ಅಂಗಳದಲ್ಲಿ ಹೊದಿಕೆ ಸರಿಸಿದಾಗ ಬಂಡಿಯನ್ನು ಮೊದಲ ಬಾರಿಗೆ ಸರಿಯಾಗಿ ಕಂಡೆ. ಮುಂದೆ ಎರಡು ಹಿಮಪಾದುಕೆಗಳು. ಹಿಂದೆ ಚಕ್ರದ ಬದಲು ಒಂದೇ ಅಗಲವಾದ ರಬ್ಬರ್ ಪಟ್ಟಿ. ಯುದ್ಧದ ಟ್ಯಾಂಕಿಗೂ ಮೋಟರ್ ಸೈಕಲಿಗೂ ಹುಟ್ಟಿದ ಕೂಸಿನಂತೆ ಕಾಣುತ್ತದೆ. ಬಯಲಿನಲ್ಲಿ ಓಡುವ ಹಿಮವಾಹನಕ್ಕೂ ಬೆಟ್ಟ ಹತ್ತುವ ಈ ಜಾತಿಗೂ ಇರುವ ವ್ಯತ್ಯಾಸವೆಲ್ಲ ಆ ಪಟ್ಟಿಯಲ್ಲಿದೆ. ಇದರ ಪಟ್ಟಿಯ ಸುತ್ತಳತೆ ೧೬೫ ಅಂಗುಲ. ಅದರ ಮೈಮೇಲೆ ಮೂರಂಗುಲ ಉದ್ದದ ರಬ್ಬರ್ ಹಲ್ಲುಗಳು, ಮೆತ್ತನೆಯ ಹಿಮವನ್ನು ಹುಟ್ಟಿನಂತೆ ತಳ್ಳುವುದಕ್ಕೆ. ಎಂಜಿನ್ನು ೮೫೦ ಸಿಸಿಯ ಎರಡು ಸ್ಟ್ರೋಕಿನದು. ಜೊತೆಗೆ ಟರ್ಬೊ. ಬೆಟ್ಟ ಏರಿದಂತೆ ಗಾಳಿ ತೆಳುವಾಗುತ್ತದೆ, ಪ್ರತಿ ಸಾವಿರ ಅಡಿಗೆ ಎಂಜಿನ್ನು ನೂರಕ್ಕೆ ಸುಮಾರು ಮೂರರಷ್ಟು ಬಲ ಕಳೆದುಕೊಳ್ಳುತ್ತದೆ. ಎಲ್ಲಿ ಬಲ ಬೇಕೋ ಅಲ್ಲೇ ಬಂಡಿ ಬಡವಾಗುತ್ತದೆ. ಟರ್ಬೊ ಹೊರಹೋಗುವ ಹೊಗೆಯ ರಭಸದಿಂದಲೇ ಪಂಖ ತಿರುಗಿಸಿ ಗಾಳಿಯನ್ನು ಒತ್ತಿ ಒಳನೂಕಿ ಆ ನಷ್ಟವನ್ನು ತುಂಬುತ್ತದೆ.

ಗುಂಡಿ ಒತ್ತಿದ. ಬಂಡಿ ಗುಡುಗಿತು, ನೀಲಿ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದ ಕೂಡಲೇ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ದಿವಂಗತ ಮಾವನವರ ಹಳೆಯ ಜಾವಾ! ೧೯೬೧ರಿಂದ ೧೯೯೬ರವರೆಗೆ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಆ ಎರಡು ಸ್ಟ್ರೋಕಿನ ಸಂತತಿಯ ಪೆಟ್ರೋಲ್ ಟ್ಯಾಂಕಿನ ಮೇಲೆ ಕುಳಿತೇ ಇವನು ಶಿಶುವಿಹಾರಕ್ಕೆ ಹೋಗುತ್ತಿದ್ದದ್ದು. ಬೈಕು ಬೇಡವೆನ್ನುವ ಅತ್ತೆ ಅಂದು ಹಿಂದಿನ ಸೀಟಿನಲ್ಲಿ ಕುಳಿತಿರುತ್ತಿದ್ದರು.

ಈ ವಾಹನದ ಹುಟ್ಟಿನ ಕಥೆಯನ್ನು ಇಲ್ಲಿ ಹೇಳಬೇಕು. ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಹಳ್ಳಿಯಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಎಂಬ ಯಂತ್ರಕುಶಲಿಯಿದ್ದ. ಬಾಲ್ಯದಿಂದಲೂ ಹಿಮದ ಮೇಲೆ ಓಡುವ ಗಾಡಿಯ ಹುಚ್ಚು. ೧೯೩೪ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಹೊಟ್ಟೆಯೊಳಗೆ ಕೀವು ತುಂಬಿ ಪ್ರಾಣಕ್ಕೆ ಬಂತು. ರಸ್ತೆಗಳೆಲ್ಲ ಹಿಮದಲ್ಲಿ ಹೂತಿದ್ದವು. ಆಸ್ಪತ್ರೆಗೆ ಒಯ್ಯಲು ಗಾಡಿಯಿರಲಿಲ್ಲ, ಅವನ ಪ್ರಯೋಗದ ಯಂತ್ರಗಳಲ್ಲಿ ಓಡುವಂಥದು ಒಂದೂ ಇರಲಿಲ್ಲ. ಮಗು ಉಳಿಯಲಿಲ್ಲ. ೧೯೩೭ರಲ್ಲಿ ಅವನು ತನ್ನ ಹಲ್ಲುಚಕ್ರ ಮತ್ತು ಪಟ್ಟಿಯ ವ್ಯವಸ್ಥೆಗೆ ಹಕ್ಕುಪತ್ರ ಪಡೆದ. ಅವನ ದೊಡ್ಡ ಗಾಡಿಗಳು ಹಿಮದ ಹಳ್ಳಿಗಳಲ್ಲಿ ವೈದ್ಯರನ್ನೂ ಅಂಚೆಯನ್ನೂ ಶಾಲೆಯ ಮಕ್ಕಳನ್ನೂ ಹೊತ್ತವು. ಒಬ್ಬಿಬ್ಬರು ಕೂರುವ ಹಗುರ ಬಂಡಿ ೧೯೫೯ರಲ್ಲಿ ಮಾರುಕಟ್ಟೆಗೆ ಬಂತು. ಅವನು ತೀರಿಕೊಂಡದ್ದು ೧೯೬೪ರಲ್ಲಿ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ತಿರುಗುತ್ತಿದ್ದ ವಿಷಯ ಇದೇ: ಒಬ್ಬ ಮಗುವನ್ನು ಉಳಿಸಲಾಗದ ಸಂಕಟದಿಂದ ರೂಪುಗೊಂಡ ಯಂತ್ರದಿಂದ ತನ್ನ ಮಗನನ್ನು ಉಳಿಸಿಕೊಡೆಂದು ಇನ್ನೊಬ್ಬ ತಾಯಿ ನನ್ನನ್ನು ಕಳುಹಿಸಿದ್ದಾಳೆ.

ಮರುದಿನ ಬೆಳಗ್ಗೆ ಊರಿನ ಪಶ್ಚಿಮಕ್ಕಿರುವ ಬೋಲ್ಡರ್ ಬೆಟ್ಟದ ಬುಡದಲ್ಲಿ ನಿಂತೆವು. ಬೆಟ್ಟದ ಬಂಡಿಯಲ್ಲಿ ಒಬ್ಬನಿಗೇ ಜಾಗ. ಆದ್ದರಿಂದ ನನಗೊಂದು ಸೌಮ್ಯ ಸ್ವಭಾವದ ಬಾಡಿಗೆ ಬಂಡಿ. ಜೊತೆಗೆ ಆ ಊರಿನವನೇ ಆದ ಒಬ್ಬ ಬಡಗಿ, ಅತ್ತೆಯ ಮಗನ ಸ್ನೇಹಿತ, ಐವತ್ತು ದಾಟಿದವನು, ಮಾತು ಕಡಿಮೆ. ಅವನು ನನ್ನ ಎದೆಗೊಂದು ರೇಡಿಯೋ ಸಂಕೇತದ ಪೆಟ್ಟಿಗೆ ಕಟ್ಟಿದ, ಬೆನ್ನಿಗೆ ಸಲಿಕೆಯನ್ನೂ ಮಡಿಸುವ ಕೋಲನ್ನೂ ಹೇರಿದ. ಹಿಮದಡಿ ಹೂತವನನ್ನು ಪೆಟ್ಟಿಗೆಯ ಸಂಕೇತದಿಂದ ಹುಡುಕಿ, ಕೋಲಿನಿಂದ ಚುಚ್ಚಿ ನೋಡಿ, ಸಲಿಕೆಯಿಂದ ಅಗೆದು ತೆಗೆಯಬೇಕು. ಮೊದಲ ಹತ್ತು ಹದಿನೈದು ನಿಮಿಷದಲ್ಲಿ ತೆಗೆದರೆ ಬಹುಮಟ್ಟಿಗೆ ಬದುಕುತ್ತಾರೆ. ಆಮೇಲೆ ಆಸೆ ಬೇಗ ಕುಗ್ಗುತ್ತದೆ. ಊರಿನಿಂದ ಯಾರೂ ಬರುವಷ್ಟು ಹೊತ್ತಿಲ್ಲ, ಜೊತೆಯವರೇ ತೆಗೆಯಬೇಕು. "ನಾನು ಹೂತರೆ ನನ್ನನ್ನು ತೆಗೆಯುವವರಲ್ಲಿ ನೀವೂ ಒಬ್ಬರು" ಎಂದು ಬಡಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಂದು ನಿಟ್ಟುಸಿರು ಬಿಟ್ಟ. ಅಲ್ಲಿಯ ಫಲಕದಲ್ಲಿ ಅಂದಿನ ಹಿಮಕುಸಿತದ ಅಪಾಯ ಐದು ಮೆಟ್ಟಿಲುಗಳಲ್ಲಿ ಮೂರನೆಯದು ಎಂದಿತ್ತು.

ಹಾದಿಯ ಮೊದಲ ಭಾಗವನ್ನು ಸ್ಥಳೀಯ ಸಂಘದವರು ಯಂತ್ರದಿಂದ ಒತ್ತಿ ರಸ್ತೆಯಂತೆ ಮಾಡಿರುತ್ತಾರೆ. ಅದರ ಮೇಲೆ ನನ್ನ ಬಡ ಬಂಡಿ ಸುಖವಾಗಿ ಹೋಯಿತು. ಹೆಬ್ಬೆರಳಿನಿಂದ ಒತ್ತುವ ವೇಗದ ಸನ್ನೆಯಿಂದ ಬೆರಳು ಮರಗಟ್ಟಿದ್ದು ಬಿಟ್ಟರೆ ದೂರಿಲ್ಲ. ಸಂಕಟವೆಲ್ಲ ಹೊಸ ಬಂಡಿಗೆ. ಮೂರಂಗುಲದ ಹಲ್ಲುಗಳು ಗಟ್ಟಿ ನೆಲದಲ್ಲಿ ಕಟಕಟಿಸುತ್ತವೆ, ಮುಂದಿನ ಪಾದುಕೆಗಳು ಹಳೆಯ ಜಾಡುಗಳಿಗೆ ಸಿಕ್ಕಿ ಅತ್ತಿತ್ತ ಸೆಳೆಯುತ್ತವೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ನಿನ ಬಿಸಿ ಏರಿತು! ಸುತ್ತ ಶೂನ್ಯಕ್ಕಿಂತ ಹನ್ನೆರಡು ಡಿಗ್ರಿ ಕೆಳಗೆ, ಬಂಡಿಗೆ ಜ್ವರ. ಇದರಲ್ಲಿ ಮೋಟರು ಕಾರಿನಂಥ ರೇಡಿಯೇಟರಿನ ಬದಲು, ಪಟ್ಟಿ ಎರಚುವ ಹಿಮವೇ ಮೇಲಿನ ಲೋಹಕ್ಕೆ ತಗುಲಿ ಎಂಜಿನ್ನನ್ನು ತಂಪಿಡಬೇಕು. ಗಟ್ಟಿ ಹಾದಿಯಲ್ಲಿ ಹಿಮ ಏಳುವುದಿಲ್ಲ. ಅದಕ್ಕಾಗಿ ಎರಡು ಉಕ್ಕಿನ ಗೀರುಕಡ್ಡಿಗಳನ್ನು ಇಳಿಬಿಟ್ಟು ನೆಲ ಕೆರೆದು ಪುಡಿ ಎಬ್ಬಿಸುತ್ತಾರೆ. ಬಿಸಿ ಇಳಿಯಿತು. ಆದರೆ ತಿರುವಿನಲ್ಲಿ ಕಡ್ಡಿಗಳನ್ನು ಎತ್ತದೆಯೇ ಹಿಂದಕ್ಕೆ ನಡೆಸಿ ಒಂದನ್ನು ಮುರಿದುಕೊಂಡ. ತಪ್ಪು ಯಂತ್ರದ್ದಲ್ಲ, ಅವನದೇ. ಬಡಗಿ ಏನೂ ಹೇಳದೆ ತುಂಡನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡ.

ಮರಗಳ ಸಾಲು ಮುಗಿದು ಬಯಲು ತೆರೆದಾಗ ಕಥೆ ಬದಲಾಯಿತು. ರಾತ್ರಿ ಬಿದ್ದ ಹೊಸ ಹಿಮ ಮೊಳಕಾಲು ಮೀರಿ ಸೊಂಟದ ಹತ್ತಿರ. ಗಟ್ಟಿ ಹಾದಿಯಲ್ಲಿ ಎಡವುತ್ತಿದ್ದ ಬಂಡಿ ಅಲ್ಲಿ ಇಳಿದದ್ದೇ ತಡ, ದಡ ಬಿಟ್ಟ ದೋಣಿಯಾಯಿತು. ಮುಂಭಾಗ ಮೇಲೆದ್ದಿತು, ಹಿಂದೆ ಬಿಳಿಯ ಕುಂಚ ಎದ್ದಿತು, ಸದ್ದು ಸಹ ಹತ್ತಿಯೊಳಗೆ ಸುತ್ತಿದಂತೆ ಮೆದುವಾಯಿತು. ಕೈಹಿಡಿಯನ್ನು ತಿರುಗಿಸಿ ಓಡಿಸುವುದಲ್ಲ ಇದು. ಎದ್ದು ನಿಂತು, ಒಂದೇ ಪಕ್ಕಕ್ಕೆ ಮೈಭಾರ ಹಾಕಿ, ಬಂಡಿಯನ್ನು ಓರೆಯಾಗಿಸಿ ಇಳಿಜಾರಿನ ಅಡ್ಡಕ್ಕೆ ಕೊರೆಯುತ್ತ ಹೋಗಬೇಕು. ಎರಡು ಕ್ವಿಂಟಲಿಗೂ ಮಿಕ್ಕಿದ ಭಾರ ಅವನ ಮೊಣಕಾಲಿನ ಮಾತು ಕೇಳುತ್ತಿತ್ತು. ಹಿಂದೆ ಸ್ನೇಹಿತರಿಂದ ಎರವಲು ತಂದ ಹಳೆಯ ಬಂಡಿ ಈ ಎತ್ತರದಲ್ಲಿ ಏದುಸಿರು ಬಿಡುತ್ತಿತ್ತಂತೆ. ಇದು ಊರಿನಲ್ಲಿದ್ದಷ್ಟೇ ಚುರುಕು. "ಬೆರಳು ಒತ್ತುವ ಮೊದಲೇ ಇದಕ್ಕೆ ಗೊತ್ತಾಗುತ್ತದೆ" ಎಂದು ಶಿರಸ್ತ್ರಾಣ ತೆಗೆದು ಅವನು ಹೇಳಿದಾಗ ಮುಖದಲ್ಲಿ ಶಿಶುವಿಹಾರದ ಹುಡುಗನೇ ಇದ್ದ. ನಾಲ್ಕು ಮಾತು ಹೇಳಲು ಅದು ಸಮಯವಾಗಿರಲಿಲ್ಲ.

ಆ ಚುರುಕಿಗೆ ಇನ್ನೊಂದು ಮುಖವೂ ಇತ್ತು. ಒಂದು ತಗ್ಗಿನಲ್ಲಿ ನಿಧಾನಿಸಿ ಮತ್ತೆ ಬೆರಳೊತ್ತಿದ. ಪಟ್ಟಿ ಮುಂದಕ್ಕೆ ಹೋಗುವ ಬದಲು ಕೆಳಕ್ಕೆ ಹೋಯಿತು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಬಂಡಿ ತಾನೇ ತೋಡಿಕೊಂಡ ಬಾವಿಯಲ್ಲಿ ಬಾಲ ಕೆಳಗಾಗಿ ನಿಂತಿತ್ತು. ಹೆಚ್ಚು ಬಲವೆಂದರೆ ಹೆಚ್ಚು ಆಳದ ಗುಂಡಿ ಎಂಬುದನ್ನು ಮಾರುವವರು ಹೇಳಿರಲಿಲ್ಲವೆಂದು ಕಾಣುತ್ತದೆ. ಒಂದು ಗಂಟೆ ಮೂವರೂ ಅಗೆದೆವು. ಅವನ ಪ್ಲಾಸ್ಟಿಕ್ ಸಲಿಕೆ ನಡುವೆಯೇ ಸೀಳಿತು. ಪೆಟ್ರೋಲಿನ ಮಾಪಕವನ್ನು ನೋಡಿದರೆ ಮಧ್ಯಾಹ್ನಕ್ಕೆ ಮುಂಚೆಯೇ ಅರ್ಧ ಖಾಲಿ.

ಬುತ್ತಿ ಬಿಚ್ಚುವಾಗ ಬಡಗಿ ನೆರೆಯ ಫ್ರಿಸ್ಬಿ ಬೆಟ್ಟಸಾಲನ್ನು ತೋರಿಸಿದ. ಅಲ್ಲಿ ಕೆಲವು ಭಾಗಕ್ಕೆ ಬಂಡಿಗಳು ಹೋಗುವಂತಿಲ್ಲ, ಕ್ಯಾರಿಬೂ ಎಂಬ ಜಿಂಕೆಯ ಜಾತಿಗಾಗಿ. ಅಗಲವಾದ ಗೊರಸಿನಿಂದ ಆಳದ ಹಿಮದ ಮೇಲೆ ನಡೆದು ಮರದ ಕಲ್ಲುಹೂವನ್ನು ತಿಂದು ಅವು ಚಳಿಗಾಲ ಕಳೆಯುತ್ತವೆ. ತೋಳಗಳು ಆ ಮೆದು ಹಿಮದಲ್ಲಿ ಹೂತುಹೋಗುವುದೇ ಅವುಗಳ ರಕ್ಷಣೆ. ನಮ್ಮ ಬಂಡಿಗಳು ಒತ್ತಿಟ್ಟ ಗಟ್ಟಿ ಜಾಡು ತೋಳಕ್ಕೆ ರಾಜಮಾರ್ಗವಾಗುತ್ತದೆ. ನಾನು ಹಿಂತಿರುಗಿ ನಮ್ಮ ಮೂರು ಜಾಡುಗಳನ್ನು ನೋಡಿದೆ.

ಊಟದ ಮೇಲೆ ಒಂದು ದೊಡ್ಡ ಬಟ್ಟಲಿನಂಥ ಇಳಿಜಾರಿನ ಬಾಯಿಗೆ ಬಂದೆವು. ನಾನು ದೂರದ ಸಮತಟ್ಟಿನಲ್ಲೇ ನಿಂತೆ. ಬೇರೆ ಗುಂಪಿನವರು ಅಲ್ಲಿ ಬೆಟ್ಟದ ಗೋಡೆಯನ್ನು ಸಾಧ್ಯವಾದಷ್ಟು ಎತ್ತರ ಏರಿ, ಕಮಾನಿನಂಥ ಗೆರೆ ಕೊರೆದು ಇಳಿಯುವ ಪಂದ್ಯದಲ್ಲಿದ್ದರು. ಇದೇ ಬೋಲ್ಡರ್ ಬೆಟ್ಟದಲ್ಲಿ ೨೦೧೦ರ ಮಾರ್ಚ್ ೧೩ರಂದು ಇಂಥ ಆಟ ನೋಡಲು ನೂರಾರು ಮಂದಿ ಸೇರಿದ್ದಾಗ ಗೋಡೆಯೇ ಕಳಚಿ ಬಿದ್ದು ಇಬ್ಬರು ಸತ್ತರು, ಹಲವರಿಗೆ ಗಾಯವಾಯಿತು. ಅತ್ತೆಯ ಮಗ ಎಂಜಿನ್ನು ನಿಲ್ಲಿಸದೆ ಮೇಲಕ್ಕೆ ನೋಡುತ್ತಿದ್ದ. ಹಳೆಯ ಬಂಡಿಯಾಗಿದ್ದರೆ ಪ್ರಶ್ನೆಯೇ ಏಳುತ್ತಿರಲಿಲ್ಲ, ಅದು ಅರ್ಧಕ್ಕೇ ಸೋತು ಅವನನ್ನು ಕಾಪಾಡುತ್ತಿತ್ತು. ಇದು ತುದಿಗೆ ಒಯ್ಯಬಲ್ಲದು.

ಬಡಗಿ ತನ್ನ ಸಲಿಕೆ ತೆಗೆದು, ಪಕ್ಕದ ಸಣ್ಣ ಇಳಿಜಾರಿನಲ್ಲಿ ಎದೆಯೆತ್ತರದ ಗುಂಡಿ ತೋಡಿ ಹಿಮದ ಒಂದು ಕಂಬವನ್ನು ಬಿಡಿಸಿ ನಿಲ್ಲಿಸಿದ. ಅದರ ಮೇಲೆ ಸಲಿಕೆಯಿಟ್ಟು ತಟ್ಟತೊಡಗಿದ. ಮಣಿಕಟ್ಟಿನಿಂದ ಹತ್ತು ಸಲ, ಏನೂ ಆಗಲಿಲ್ಲ. ಆಮೇಲೆ ಮೊಣಕೈಯಿಂದ ಒಂದು, ಎರಡು, ಮೂರು. ಕಂಬದ ಮೇಲಿನ ಅರ್ಧ, ಮೇಜಿನ ಮೇಲಿಂದ ಪುಸ್ತಕ ಜಾರುವಂತೆ, ಸದ್ದಿಲ್ಲದೆ ಜಾರಿ ಅವನ ಕಾಲ ಮೇಲೆ ಬಿತ್ತು. ಕೆಳಗಿನ ಪದರದಲ್ಲಿ ಗರಿಗರಿಯಾದ ಇಬ್ಬನಿಯ ಹರಳುಗಳು ಮಿನುಗುತ್ತಿದ್ದವು. ಎಂದೋ ಒಂದು ತಣ್ಣನೆಯ ನಿರ್ಮಲ ರಾತ್ರಿ ಹುಟ್ಟಿ, ಮೇಲೆ ಬಿದ್ದ ಹಿಮದಡಿ ಹೂತು, ಭಾರವನ್ನೆಲ್ಲ ಹೊತ್ತು ಕಾದಿದ್ದ ಹರಳುಗಳು. ಬಡಗಿ ಒಂದು ಮಾತನ್ನೂ ಆಡಲಿಲ್ಲ. ಅತ್ತೆಯ ಮಗ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಎಂಜಿನ್ನು ನಿಲ್ಲಿಸಿದ.

ಆ ಬೇರೆ ಗುಂಪಿನವರು ಸಂಜೆಯವರೆಗೂ ಏರುತ್ತಲೇ ಇದ್ದರು. ಏನೂ ಆಗಲಿಲ್ಲ. ಅದನ್ನೂ ಹೇಳಬೇಕು.

ಇಳಿಯುವಾಗ ಗೀರುಕಡ್ಡಿ ಒಂದೇ ಉಳಿದಿದ್ದರಿಂದ ಬಂಡಿಯನ್ನು ಅಲ್ಲಲ್ಲಿ ಪಕ್ಕದ ಮೆದು ಹಿಮಕ್ಕೆ ಇಳಿಸಿ ತಂಪು ಮಾಡಿಕೊಂಡು ಬಂದೆವು. ಊರಿನ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಒಳಗೆ ಹೋದವನು ಕಾಗದದಲ್ಲಿ ಸುತ್ತಿದ ಒಂದು ಉದ್ದನೆಯ ಪೊಟ್ಟಣದೊಡನೆ ಬಂದ. "ಏರಬಹುದಿತ್ತು, ಅಲ್ಲವೆ?" ಎಂದು ಕೇಳಿದ. ನಾನು ಉತ್ತರಿಸಲಿಲ್ಲ. ಅವನೂ ಉತ್ತರಕ್ಕೆ ಕಾಯಲಿಲ್ಲ.

ರಾತ್ರಿ ಅತ್ತೆಯವರಿಗೆ ಫೋನು ಮಾಡಿದೆ. ಅಲ್ಲಿ ಬೆಳಗಾಗಿತ್ತು. ಕುಕ್ಕರಿನ ಸೀಟಿ ಕೇಳಿಸಿತು.

"ಮಾರುತ್ತಾನಂತೆಯೆ?"

"ಇಲ್ಲ ಅತ್ತೆ. ಒಂದು ಸಲಿಕೆ ಕೊಂಡಿದ್ದಾನೆ. ಲೋಹದ್ದು."

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಸಲಿಕೆ ಯಾತಕ್ಕೆ ಎಂದು ಕೇಳಿದರು. ನಾನು ಮೊದಲಿನಿಂದ ಹೇಳತೊಡಗಿದೆ.