ಶೈಶವಸ್ಮೃತಿಯ ಸತ್ಯಾಸತ್ಯತೆ

ಮನುಷ್ಯನಿಗೆ ತನ್ನ ನೆನಪಿನ ಮೇಲಿರುವಷ್ಟು ವಿಶ್ವಾಸ ಬಹುಶಃ ಬೇರಾವುದರ ಮೇಲೂ ಇಲ್ಲ. ಕಣ್ಣು ಮೋಸಹೋದೀತು, ಕಿವಿ ತಪ್ಪಾಗಿ ಕೇಳೀತು ಎಂದು ಒಪ್ಪುವವರು ಕೂಡ ‘ಈಗಲೂ ಕಣ್ಣಿಗೆ ಕಟ್ಟಿದಂತಿದೆ’ ಎಂದು ಹೇಳಿ ವಾದವನ್ನು ಮುಗಿಸಿಬಿಡುತ್ತಾರೆ. ಅದರಲ್ಲಿಯೂ ತೊಟ್ಟಿಲ ದಿನಗಳ ನೆನಪೊಂದನ್ನು ಉಳಿಸಿಕೊಂಡವರಿಗೆ ಅದು ಒಡವೆಯಿದ್ದಂತೆ. ಅದನ್ನು ಒರೆಗೆ ಹಚ್ಚಲು ಅವರು ಸುಲಭವಾಗಿ ಮನಸ್ಸು ಮಾಡರು. ಆದರೆ ಅಂಥ ನೆನಪೊಂದು ತಾನಾಗಿಯೇ ಒರೆಗಲ್ಲಿನ ಮೇಲೆ ಬಂದು ಬಿದ್ದ ಪ್ರಸಂಗವುಂಟು. ಮಕ್ಕಳ ಮನಸ್ಸಿನ ಅಧ್ಯಯನಕ್ಕೆಂದೇ ಆಯುಷ್ಯವನ್ನು ಸವೆಸಿದ ಜೀನ್ ಪಿಯಾಜೆಯವರ ಬಾಳಿನಲ್ಲಿಯೇ ಅದು ಘಟಿಸಿತೆಂಬುದು ವಿಶೇಷ.

ಪಿಯಾಜೆಯವರು 1896ರಲ್ಲಿ ಸ್ವಿಟ್ಸರ್ಲೆಂಡಿನ ನ್ಯೂಶಾಟೆಲ್ ನಗರದಲ್ಲಿ ಜನಿಸಿದರು. 1980ರಲ್ಲಿ ಜಿನೀವಾದಲ್ಲಿ ನಿಧನರಾದರು. ಶಿಕ್ಷಕರ ತರಬೇತಿ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆಲ್ಲ ಅವರ ಹೆಸರು ಪರಿಚಿತವೇ. ಅವರ ಅತ್ಯಂತ ಹಳೆಯ ನೆನಪು ಎರಡನೆಯ ವರ್ಷದ್ದು. ಪ್ಯಾರಿಸ್ ನಗರದ ಶಾಂಜ್ ಎಲಿಜೆ ಎಂಬ ಹೆದ್ದಾರಿಯಲ್ಲಿ ದಾದಿಯೊಬ್ಬಳು ಮಗುವನ್ನು ತಳ್ಳುಗಾಡಿಯಲ್ಲಿ ಕುಳ್ಳಿರಿಸಿಕೊಂಡು ಹೋಗುತ್ತಿದ್ದಾಳೆ. ಯಾವನೋ ಒಬ್ಬ ಮಗುವನ್ನು ಅಪಹರಿಸಲು ಮೇಲೆ ಬೀಳುತ್ತಾನೆ. ಮಗುವನ್ನು ಪಟ್ಟಿಯಿಂದ ಗಾಡಿಗೆ ಬಿಗಿದಿರುವುದರಿಂದ ಎತ್ತಿಕೊಳ್ಳಲು ಆಗುವುದಿಲ್ಲ. ದಾದಿ ಅಡ್ಡ ನಿಂತು ಹೋರಾಡುತ್ತಾಳೆ; ಅವಳ ಮುಖದ ಮೇಲೆ ಪರಚುಗಾಯಗಳಾಗುತ್ತವೆ. ಜನ ನೆರೆಯುತ್ತಾರೆ. ಗಿಡ್ಡ ಮೇಲಂಗಿಯ, ಬಿಳಿಯ ದಂಡ ಹಿಡಿದ ಪೊಲೀಸನೊಬ್ಬ ಬರುತ್ತಲೇ ಕಳ್ಳ ಓಟ ಕೀಳುತ್ತಾನೆ. ಈ ದೃಶ್ಯವೆಲ್ಲ ಪಿಯಾಜೆಯವರಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದು ಭೂಗತ ರೈಲಿನ ನಿಲ್ದಾಣದ ಬಳಿ ನಡೆಯಿತೆಂದು ಸ್ಥಳವನ್ನು ಕೂಡ ಅವರು ಗುರುತಿಸಬಲ್ಲವರಾಗಿದ್ದರು.

ಅವರಿಗೆ ಹದಿನೈದು ವರ್ಷಗಳಾಗಿದ್ದಾಗ ತಂದೆತಾಯಿಗಳಿಗೆ ಆ ಹಳೆಯ ದಾದಿಯ ಪತ್ರವೊಂದು ಬಂದಿತು. ಆಕೆ ಮುಕ್ತಿಸೇನೆ ಎಂಬ ಕ್ರೈಸ್ತ ಸಂಸ್ಥೆಯನ್ನು ಸೇರಿದ್ದಳು. ಹಿಂದಿನ ತಪ್ಪುಗಳನ್ನು ಒಪ್ಪಿಕೊಳ್ಳಬೇಕೆಂಬ ಬಯಕೆ ಅವಳಲ್ಲಿ ಹುಟ್ಟಿತ್ತು. ಅಪಹರಣದ ಕಥೆ ಸಂಪೂರ್ಣ ಕಟ್ಟುಕಥೆ, ಪರಚುಗಾಯಗಳು ಕೂಡ ಕೃತಕ ಎಂದು ಬರೆದು, ಸಾಹಸಕ್ಕೆ ಬಹುಮಾನವಾಗಿ ದೊರೆತಿದ್ದ ಗಡಿಯಾರವನ್ನು ಹಿಂತಿರುಗಿಸಬಯಸಿದಳು. ತಂದೆತಾಯಿಗಳು ನಂಬಿ ಹೇಳುತ್ತಿದ್ದ ವೃತ್ತಾಂತವನ್ನು ಬಾಲಕ ಕೇಳಿರಬೇಕು. ಕೇಳಿದ್ದು ಕಂಡದ್ದಾಗಿ ಮಾರ್ಪಟ್ಟಿರಬೇಕು. 1945ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪಿಯಾಜೆಯವರೇ ಇದನ್ನು ದಾಖಲಿಸಿದ್ದಾರೆ. ಆ ನಿಲ್ದಾಣವನ್ನು ಅವರು ದೃಶ್ಯದೊಳಗೇ ಕಂಡರೋ, ಗುರುತಿಗಾಗಿ ಮುಂದೆ ಸೇರಿಸಿಕೊಂಡರೋ. ಪ್ಯಾರಿಸಿನ ಭೂಗತ ರೈಲು ಸಂಚಾರವನ್ನಾರಂಭಿಸಿದುದೇ 1900ರಲ್ಲಿ, ಮಗುವಿಗೆ ಎರಡು ವರ್ಷ ಕಳೆದು ಬಹುಕಾಲವಾದ ಮೇಲೆ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ತಂದೆ ಆರ್ತರ್ ಪಿಯಾಜೆ ಮಧ್ಯಯುಗದ ಸಾಹಿತ್ಯ ಮತ್ತು ಇತಿಹಾಸಗಳ ವಿದ್ವಾಂಸರು. ನ್ಯೂಶಾಟೆಲ್ಲಿನ ಜನ ಅಭಿಮಾನದಿಂದ ಕಾಪಾಡಿಕೊಂಡು ಬಂದಿದ್ದ ಪ್ರಾಚೀನ ವೃತ್ತಾಂತವೊಂದು ಕೂಟಕೃತಿಯೆಂದು ಸಾಧಿಸಿ ತೋರಿಸಿದವರು. ಹಳೆಯ ಹಾಳೆಗಳ ಕಪಟವನ್ನು ಬಯಲಿಗೆಳೆದ ಪಂಡಿತರು ಮನೆಯ ದಾದಿಯ ಮಾತನ್ನು ಸಂದೇಹಿಸಲಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಮಗು ಉಳಿಯಿತೆಂಬ ಸಂತೋಷದಲ್ಲಿ ಪ್ರಮಾಣ ಕೇಳುವ ತಂದೆ ಎಲ್ಲಿದ್ದಾನೆ?

ತಮ್ಮ ಮೂವರು ಮಕ್ಕಳ ವಿಷಯದಲ್ಲಿ ಮಾತ್ರ ಪಿಯಾಜೆಯವರು ನೆನಪನ್ನು ನೆಚ್ಚಿ ಕುಳಿತುಕೊಳ್ಳಲಿಲ್ಲ. ಮಗು ಏನು ಮಾಡಿತು, ಏನು ನುಡಿಯಿತು ಎಂಬುದನ್ನು ಅದರ ವಯಸ್ಸಿನ ವರ್ಷ, ತಿಂಗಳು, ದಿನಗಳ ಸಮೇತ ಬರೆದಿಟ್ಟುಕೊಂಡರು.

ಜೀವನದ ಮೊದಲ ವರ್ಷಗಳು ಪ್ರಾಯಃ ಎಲ್ಲರಿಗೂ ಮರೆತುಹೋಗುತ್ತವೆ. ಇದಕ್ಕೆ ‘ಶೈಶವ ವಿಸ್ಮೃತಿ’ ಎನ್ನಬಹುದು. ಸಿಗ್ಮಂಡ್ ಫ್ರಾಯ್ಡ್ 1905ರಲ್ಲಿಯೇ ಈ ವಿಸ್ಮೃತಿಯತ್ತ ವಿದ್ವಾಂಸರ ಗಮನ ಸೆಳೆದಿದ್ದರು. ಅವರು ಕೊಟ್ಟ ಕಾರಣವನ್ನು ಇಂದು ಒಪ್ಪುವವರು ವಿರಳ. ನ್ಯೂಜಿಲೆಂಡಿನ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಹೆಚ್ಚು ಬೆಳಕು ಚೆಲ್ಲುತ್ತದೆ. ಎರಡು-ಮೂರು ವರ್ಷದ ಮಕ್ಕಳಿಗೆ, ದೊಡ್ಡ ಆಟಿಕೆಗಳನ್ನು ಚಿಕ್ಕದಾಗಿಸುವಂತೆ ತೋರುವ ಮಾಯಾಯಂತ್ರವೊಂದನ್ನು ಆಡಲು ಕೊಟ್ಟರು. ಆರು ತಿಂಗಳೋ ವರ್ಷವೋ ಕಳೆದ ಮೇಲೆ ಆ ಮಕ್ಕಳು ಆಟಿಕೆಗಳ ಚಿತ್ರಗಳನ್ನು ಗುರುತಿಸಿದರು, ಯಂತ್ರವನ್ನು ನಡೆಸುವ ಬಗೆಯನ್ನೂ ತೋರಿಸಿದರು; ಆದರೆ ಅದನ್ನು ಬಣ್ಣಿಸುವಾಗ, ಆಟವಾಡಿದ ದಿನ ತಮ್ಮ ನಾಲಗೆಯಲ್ಲಿ ಇಲ್ಲದಿದ್ದ ಮಾತುಗಳನ್ನು ಬಳಸಲಿಲ್ಲ. ಮಾತು ಕಲಿಯುವ ಮುನ್ನ ಕಂಡುದು ಮಾತಿಗೆ ಸಿಗದೆ ಉಳಿಯಿತು. ಹಾಗಾದರೆ ಮಾತೇ ಬಾರದ ವಯಸ್ಸಿನ ಘಟನೆಯನ್ನು ಆದ್ಯಂತವಾಗಿ, ಸಂಭಾಷಣೆ ಸಹಿತ ಹೇಳುವವರ ನೆನಪು ಎಲ್ಲಿಂದ ಬಂದುದು?

ಅಂಥವರ ಸಂಖ್ಯೆ ಅಲ್ಪವೇನೂ ಅಲ್ಲ. 2018ರಲ್ಲಿ ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದ ಸಮೀಕ್ಷೆಯಲ್ಲಿ 6,641 ಜನರ ಪೈಕಿ ಶೇ. 38.6 ಮಂದಿ ತಮ್ಮ ಮೊದಲ ನೆನಪು ಎರಡು ವರ್ಷ ಅಥವಾ ಅದಕ್ಕಿಂತ ಮುಂಚಿನದೆಂದರು. 893 ಮಂದಿಯದು ಒಂದು ವರ್ಷ ಅಥವಾ ಅದಕ್ಕೂ ಹಿಂದಿನದು. ಇವರು ಸುಳ್ಳುಗಾರರಲ್ಲ. ಮನೆಯವರ ಮಾತು, ಹಳೆಯ ಛಾಯಾಚಿತ್ರ, ಅಲ್ಲೊಂದು ಇಲ್ಲೊಂದು ನಿಜವಾದ ತುಣುಕು ಕೂಡಿ ಚಿತ್ರವಾಗಿರಬೇಕೆಂದು ಸಂಶೋಧಕರ ಅಭಿಪ್ರಾಯ.

ಕನ್ನಡ ನಾಡಿನ ಹಿರಿಯ ತಲೆಮಾರಿನವರಲ್ಲಿ ಈ ಲೆಕ್ಕ ಇನ್ನಷ್ಟು ಕಷ್ಟ. ಎಷ್ಟೋ ಜನರ ಜನ್ಮದಿನ ಶಾಲೆಯ ದಾಖಲೆಯಲ್ಲಿ ಜೂನ್ 1. ಮಗುವನ್ನು ಸೇರಿಸಿಕೊಂಡ ಗುರುಗಳು ಸೌಕರ್ಯಕ್ಕಾಗಿ ಬರೆದುಕೊಂಡದ್ದು. ಬರಗಾಲದ ವರ್ಷ, ಹೊಳೆ ಬಂದ ವರ್ಷ ಎಂದು ಎಣಿಸುವ ಮನೆಯಲ್ಲಿ, ನೆನಪು ಎರಡನೆಯ ವರ್ಷದ್ದೋ ನಾಲ್ಕನೆಯದೋ ಎಂದು ನಿರ್ಣಯಿಸುವವರು ಯಾರು? ಅವಿಭಕ್ತ ಕುಟುಂಬದಲ್ಲಂತೂ ಒಂದೇ ಕಥೆಯನ್ನು ಅಜ್ಜಿ, ದೊಡ್ಡಮ್ಮ, ಸೋದರತ್ತೆಯರು ನೂರು ಸಲ ಹೇಳಿರುತ್ತಾರೆ.

ಇದೆಲ್ಲ ಕುತೂಹಲದ ವಿಷಯವಾಗಿ ಉಳಿಯದ ಒಂದು ಸ್ಥಿತಿಯುಂಟು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡವರಿಗೆ ಆಕೆಯದೊಂದು ನೆನಪಿರುತ್ತದೆ: ಹಸಿರು ಸೀರೆ, ಬಳೆಯ ಸದ್ದು, ಬಾಗಿಲಲ್ಲಿ ನಿಂತ ಆಕೃತಿ. ಆಸ್ತಿಯೆಂದರೆ ಅಷ್ಟೇ. ಅದು ಯಾರೋ ಹೇಳಿದ್ದು ಎಂದು ಅವರ ಮುಂದೆ ಶಾಸ್ತ್ರ ತೆಗೆಯುವುದು ನಿಷ್ಠುರತೆ. ಕೇಳಿದ್ದಾದರೂ, ತಾಯಿಯನ್ನು ನಿಜವಾಗಿ ಕಂಡವರ ಬಾಯಿಂದ ಕೇಳಿದ್ದು. ದಾದಿಯ ಕಥೆಗೂ ಇದಕ್ಕೂ ಅಂತರವಿದೆ. ಸಂದೇಹವಿದ್ದರೆ ಬದುಕಿರುವ ಸೋದರತ್ತೆಯನ್ನು ಕೇಳಬಹುದು. ‘ಅವಳು ಹಸಿರು ಉಟ್ಟದ್ದೇ ಇಲ್ಲವಪ್ಪಾ’ ಎಂದು ಆಕೆ ಹೇಳಿಯಾಳು; ಇಲ್ಲವೇ ಪೆಟ್ಟಿಗೆಯ ತಳದಿಂದ ಆ ಸೀರೆಯನ್ನೇ ತೆಗೆದು ಮುಂದಿಟ್ಟಾಳು. ಅನೇಕರು ಕೇಳುವುದೇ ಇಲ್ಲ.