ಚೀಟಿ ಎರಡು ಮಾಡಿಸಿ

ಪ್ರೀತಿಯ ಗೆಳತಿ,

ನಿಮ್ಮ ಪತ್ರ ಓದಿದೆ. ಹೆಚ್ಚುಕಡಿಮೆ ಎಲ್ಲವೂ ನಿಮ್ಮ ತಮ್ಮನದೇ ಸುದ್ದಿ. ಹೊಸಪೇಟೆ ಬಸ್ಸಿನಲ್ಲಿ ಕೂತಿದ್ದವನಿಗೆ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡಿತು, ಬೆವರು ಕಿತ್ತುಬಂತು, ಬೆರಳೆಲ್ಲ ಜುಮ್ಮೆಂದವು. ಇನ್ನು ಪ್ರಾಣ ಉಳಿಯುವುದಿಲ್ಲ ಅನ್ನಿಸಿ ನಡುದಾರಿಯಲ್ಲೇ ಇಳಿದುಬಿಟ್ಟ. ಆಸ್ಪತ್ರೆಯಲ್ಲಿ ಮಾಡಿಸಿದ ಇಸಿಜಿ, ಎಕೋ ಎಲ್ಲ ಸರಿ ಬಂದವು. ‘ಏನೂ ಇಲ್ಲ, ಟೆನ್ಶನ್ ಮಾಡ್ಕೋಬೇಡಿ’ ಎಂದು ಡಾಕ್ಟರು ಮನೆಗೆ ಕಳಿಸಿದರು. ಆಮೇಲೂ ಮತ್ತೆ ಹಾಗೇ ಆಯಿತು. ಈಗ ಅವನು ಬಸ್ಸು ಹತ್ತುವುದಿಲ್ಲ, ಸಂತೆಗೆ ಹೋಗುವುದಿಲ್ಲ, ಬ್ಯಾಂಕಿಗೂ ಯಾರಾದರೂ ಜೊತೆಗೆ ಬೇಕು. ಅವ್ವ ತಾಯಿತ ಕಟ್ಟಿಸಿದ್ದಾರೆ, ಮಾವ ‘ಗಂಡಸಾಗಿ ಹೆದರ್ತೀಯಾ’ ಎಂದು ಹಂಗಿಸುತ್ತಾರೆ.

ಹೃದಯದ ಮಟ್ಟಿಗೆ ಡಾಕ್ಟರು ಹೇಳಿದ್ದು ನಿಜ. ಆದರೆ ತಮ್ಮ ಅನುಭವಿಸಿದ್ದೂ ಅಷ್ಟೇ ನಿಜ, ಅದಕ್ಕೆ ಹೆಸರಿದೆ. ಮನೋವೈದ್ಯರು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಹೊಲದಲ್ಲಿ ಕಾಲ ಬಳಿ ಹಾವು ಕಂಡಾಗ ದೇಹ ಏನೇನು ಮಾಡುತ್ತದೋ ಅದನ್ನೆಲ್ಲ ಹಾವಿಲ್ಲದೆಯೇ ಮಾಡುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆಬಡಿತ ಜೋರಾಗುತ್ತದೆ, ಉಸಿರು ಮೇಲಿಂದ ಮೇಲೆ ಬರುತ್ತದೆ. ಹಾಗೆ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುವುದರಿಂದಲೇ ಬೆರಳು ಜುಮ್ಮೆನ್ನುವುದು, ತಲೆ ತಿರುಗುವುದು. ‘ಸಾಯುತ್ತಿದ್ದೇನೆ’ ಎಂಬ ಯೋಚನೆ ಇನ್ನಷ್ಟು ಅಡ್ರಿನಲಿನ್ ತರುತ್ತದೆ. ಹೀಗೆ ಗಾಬರಿಯೇ ಗಾಬರಿಯನ್ನು ಬೆಳೆಸುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ತುದಿ ಮುಟ್ಟಿ ತಾನಾಗಿ ಇಳಿಯತೊಡಗುತ್ತದೆ. ಬಸ್ಸಿನಿಂದ ಇಳಿದವನಿಗೆ ಮಾತ್ರ ಇಳಿದದ್ದರಿಂದಲೇ ಬದುಕಿದೆ ಅನ್ನಿಸುತ್ತದೆ. ಮರುದಿನ ಬಸ್ಸು ಬೇಡ, ಅದರಾಚೆ ಸಂತೆ ಬೇಡ. ಕಾಯಿಲೆ ಬೇರು ಬಿಡುವುದು ಹೀಗೆ.

ಆದ್ದರಿಂದ ಚಿಕಿತ್ಸೆಯೂ ಅಲ್ಲಿಂದಲೇ ಶುರು. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆಯಲ್ಲಿ ದೇಹದ ಸೂಚನೆಗಳನ್ನು ತಪ್ಪಾಗಿ ಓದುವುದನ್ನು ತಿದ್ದುತ್ತಾರೆ, ತಪ್ಪಿಸಿಕೊಂಡ ಜಾಗಗಳಿಗೆ ಮೆಲ್ಲಗೆ ಮರಳಿಸುತ್ತಾರೆ. ಮೊದಲು ನಿಮ್ಮ ಹಡಗಲಿ ಬಸ್ ನಿಲ್ದಾಣದಲ್ಲಿ ಸುಮ್ಮನೆ ಕೂತು ಬರುವುದು, ಆಮೇಲೆ ನಿಮ್ಮ ಜೊತೆ ಹಗರಿಬೊಮ್ಮನಹಳ್ಳಿಯ ತನಕ, ಮುಂದೊಂದು ದಿನ ಒಬ್ಬನೇ ಹೊಸಪೇಟೆಗೆ. ಗಾಬರಿ ಬಂದರೂ ಇಳಿಯದೆ ಕೂರಬೇಕು, ಅದು ತಾನೇ ಇಳಿದುಹೋಗುವುದನ್ನು ಕಣ್ಣಾರೆ ಕಾಣಬೇಕು. ಮಾವನವರ ಹಂಗಿಸುವ ಮಾತಿನಿಂದ ಇದ್ಯಾವುದೂ ಆಗದು. ದಯವಿಟ್ಟು ಅವರಿಗೆ ಈ ಪತ್ರ ತೋರಿಸಿ.

ಮಾತ್ರೆಯ ಬಗ್ಗೆ ಕೇಳಿದ್ದೀರಿ. ಎಸ್ಸಿಟಾಲೋಪ್ರಾಮ್, ಸರ್ಟ್ರಲಿನ್ ಥರದವು ನಿದ್ದೆ ಮಾತ್ರೆಗಳಲ್ಲ, ಚಟವೂ ಹಿಡಿಸುವುದಿಲ್ಲ. ಅವುಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಮೊದಲ ಕೆಲವು ದಿನ ಹೊಟ್ಟೆ ತೊಳಸಬಹುದು, ಚಡಪಡಿಕೆ ಹೆಚ್ಚಬಹುದು. ಅದನ್ನು ಮೊದಲೇ ಹೇಳದ ಕಾರಣಕ್ಕೆ ಎಷ್ಟೋ ಜನ ವಾರದೊಳಗೆ ಬಿಟ್ಟುಬಿಡುತ್ತಾರೆ, ಅದು ನನಗೆ ತುಂಬಾ ನೋವಿನ ಸಂಗತಿ. ಗುಣವಾದ ಮೇಲೂ ಆರು ತಿಂಗಳೋ ಹೆಚ್ಚೋ ಮುಂದುವರಿಸಿ, ಡಾಕ್ಟರ ಸಲಹೆಯಂತೆ ನಿಧಾನಕ್ಕೆ ಇಳಿಸಬೇಕು. ಚಟ ಹಿಡಿಸುವುದು ಅಲ್ಪ್ರಜೋಲಾಮ್ ಜಾತಿಯ ಮಾತ್ರೆ. ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು ತಿಂಗಳುಗಟ್ಟಲೆ ನುಂಗುವಂಥದ್ದಲ್ಲ ಅದು.

ಇನ್ನು ನಿಮ್ಮ ಪತ್ರದ ಕೊನೆಯ ಎರಡು ಸಾಲಿಗೆ ಬರುತ್ತೇನೆ. ‘ನನಗೂ ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ, ಊಟ ರುಚಿಸುವುದಿಲ್ಲ, ಮಗಳ ಶಾಲೆಯ ಸಂಭ್ರಮವೂ ಬೇಡ ಅನ್ನಿಸುತ್ತದೆ, ಇರಲಿ ಬಿಡಿ’ ಎಂದಿದ್ದೀರಿ. ನಾನು ಬಿಡಲಾರೆ. ಎರಡು ವಾರಕ್ಕೂ ಮೀರಿ, ದಿನದ ಬಹುಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಮೊದಲು ಹಿಡಿಸುತ್ತಿದ್ದದ್ದು ಈಗ ಹಿಡಿಸದೆ ಹೋದರೆ, ಜೊತೆಗೆ ನಿದ್ದೆ, ಹಸಿವು, ಗಮನ ಕೆಟ್ಟು ‘ಎಲ್ಲ ನನ್ನದೇ ತಪ್ಪು’ ಎಂಬ ಭಾವ ಕಾಡಿದರೆ ವೈದ್ಯರು ಖಿನ್ನತೆಯನ್ನು ಶಂಕಿಸುತ್ತಾರೆ. ಹೊತ್ತಿಗೆ ಮುಂಚೆ ಎಚ್ಚರವಾಗುವುದು ಅದರ ಹಳೆಯ ಗುರುತು. ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಮನೆಯವರೆಲ್ಲರ ಕಾಯಿಲೆ ನೋಡಿಕೊಳ್ಳುವವಳ ಕಾಯಿಲೆಯನ್ನು ಅವಳು ಸೇರಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಂದು ಮಾತು ನೇರವಾಗಿ ಕೇಳುತ್ತೇನೆ. ಬದುಕೇ ಸಾಕು ಅನ್ನಿಸಿದ್ದುಂಟೇ? ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಜನರಲ್ಲಿದೆ, ಅದು ಸರಿಯಲ್ಲ. ಕೇಳಿದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಎಂದಾದರೆ ಈ ಪತ್ರ ಬದಿಗಿಟ್ಟು ಈಗಲೇ 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿಮಾನಸ್ ಎಂಬ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇಲ್ಲವೆಂದಾದರೂ ಡಾಕ್ಟರಲ್ಲಿಗೆ ಹೋಗಲೇಬೇಕು. ನಿಮಗೆ ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬಹುದು, ಅವು ಕೆಟ್ಟರೂ ಹೀಗೇ ಕಾಣುತ್ತದೆ. ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆಯೇ ಬೇಡವಾಗಿ, ಅತಿ ಉತ್ಸಾಹ, ಅತಿ ಮಾತು, ಅತಿ ಖರ್ಚು ಆಗಿದ್ದರೆ ಮುಚ್ಚಿಡದೆ ಹೇಳಿ. ಅದು ಬೈಪೋಲಾರ್ ಕಾಯಿಲೆಯ ಸುಳಿವಿರಬಹುದು, ಆಗ ಔಷಧಿಯ ದಾರಿಯೇ ಬೇರೆ.

ಹೊರಗೆ ಗೊತ್ತಾದರೆ ಜನ ಏನಂತಾರೆ ಎಂದು ಬರೆದಿದ್ದೀರಿ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಮುಂದೆ ನಿಂತು 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿತು. ವಯಸ್ಕರಲ್ಲಿ ಶೇ. 10.6 ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅಂದರೆ ನಿಮ್ಮ ಓಣಿಯಲ್ಲೂ ಇದ್ದಾರೆ, ಬಾಯಿಬಿಟ್ಟಿಲ್ಲ ಅಷ್ಟೆ. ಇನ್ನೊಂದು ಸಂಗತಿ ನಿಮಗೆ ಖುಷಿ ಕೊಡಬಹುದು. ಇದಕ್ಕೆಲ್ಲ ಬೆಂಗಳೂರಿಗೇ ಓಡಬೇಕಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಕಾರ್ಯಕರ್ತೆಗೂ ಕಲಿಸಿದರೆ ಊರಲ್ಲೇ ಚಿಕಿತ್ಸೆ ಸಾಧ್ಯ ಎಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ತೋರಿಸಿಕೊಟ್ಟದ್ದು ನಿಮ್ಮ ಬಳ್ಳಾರಿ ಸೀಮೆಯಲ್ಲೇ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ನಾಳೆಯೇ ವಿಚಾರಿಸಿ. ಊರಲ್ಲೇ ಆದ್ದರಿಂದ ತಮ್ಮನಿಗೆ ಬಸ್ಸಿನ ಚಿಂತೆಯೂ ಇಲ್ಲ. ಇಬ್ಬರೂ ಒಟ್ಟಿಗೇ ಹೋಗಿ, ಅವನ ಹಳೆಯ ರಿಪೋರ್ಟುಗಳನ್ನೆಲ್ಲ ತೆಗೆದುಕೊಂಡು ಹೋಗಿ. ಚೀಟಿ ಮಾತ್ರ ಎರಡು ಮಾಡಿಸಿ, ಒಂದು ಅವನ ಹೆಸರಿಗೆ, ಒಂದು ನಿಮ್ಮ ಹೆಸರಿಗೆ.

ನಿಮ್ಮ ಉತ್ತರಕ್ಕೆ ಕಾಯುವ,
ನಿಮ್ಮ ಗೆಳತಿ